ರೇಡಿಯೊ ಕೊಂಡರೆ ಮಾನವೇನೂ ಹೋಗುವುದಿಲ್ಲ

ಉದ್ಯಮಿಗಳ ಸಭೆಗಳಲ್ಲಿ, ಎಂಜಿನಿಯರಿಂಗ್ ಕಾಲೇಜುಗಳ ಭಾಷಣಗಳಲ್ಲಿ, ಹೂಡಿಕೆದಾರರು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಒಂದೇ ಧಾಟಿ ಕೇಳಿಬರುತ್ತಿದೆ. ಪೇಟೆಯಲ್ಲಿ ಸಿಗುವ ವೈರ್‌ಲೆಸ್ ಮಾಡ್ಯೂಲನ್ನು ತಂದು ತನ್ನ ಬೋರ್ಡಿಗೆ ಬೆಸುಗೆ ಹಾಕಿದವನು ತಯಾರಕನಲ್ಲ, ಬರೀ ಜೋಡಿಸುವವನು. ರೇಡಿಯೊ ಭಾಗವನ್ನೂ ಸ್ವಂತವಾಗಿ ವಿನ್ಯಾಸ ಮಾಡಿದರೆ ಮಾತ್ರ ವಸ್ತು ನಮ್ಮದು. ಇಲ್ಲದಿದ್ದರೆ ಅದು ಚೀನಾದ ಸರಕು, ಮೇಲಿನ ಚೀಟಿ ಮಾತ್ರ ನಮ್ಮದು. ಆತ್ಮನಿರ್ಭರತೆಯ ಹೆಸರು ಸೇರಿಕೊಂಡ ಮೇಲಂತೂ ಇದಕ್ಕೆ ಎದುರಾಡಿದವರಿಗೆ ದೇಶಾಭಿಮಾನ ಸಾಲದು ಎನ್ನುವಂತಾಗಿದೆ. ಕೇಳುವುದಕ್ಕೆ ಹಿತವಾದ ಈ ವಾದ ಬಹುಪಾಲು ತಪ್ಪು. ಸಣ್ಣ ತಯಾರಕನನ್ನು ಅದು ಬೇಡದ ಕಡೆ ದುಡಿಸುತ್ತದೆ. ಅದರ ಖರ್ಚನ್ನು ಕೊನೆಗೆ ಹೊರುವವನು ಆ ವಸ್ತುವನ್ನು ಕೊಂಡವನು.

ಈ ವಾದವನ್ನು ಬೆಂಗಳೂರಿನ ಹೋಟೆಲ್ ಸಭಾಂಗಣದಲ್ಲಿ ತೂಗಿದರೆ ಅದರ ತೂಕ ಗೊತ್ತಾಗುವುದಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಬೇಗೂರು ಹೋಬಳಿಯಂಥ ಕಡೆ ತೂಗಬೇಕು. ಮೈಸೂರು–ಊಟಿ ರಸ್ತೆಯ ಎರಡೂ ಬದಿಗೆ ಅರಿಶಿನ, ಬಾಳೆ, ಸಾಂಬಾರ್ ಈರುಳ್ಳಿ, ಚೆಂಡು ಹೂವಿನ ಹೊಲಗಳಿರುವ, ಬೋರ್‌ವೆಲ್ ನಂಬಿದ ಸೀಮೆ ಇದು. ಬಂಡೀಪುರದ ಕಾಡು ದೂರವೇನಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನವಿಡೀ ಇರುವುದಿಲ್ಲ. ಕೊಡುವ ಏಳು ಗಂಟೆಯಲ್ಲಿ ಒಂದು ಪಾಳಿ ರಾತ್ರಿಗೂ ಬೀಳುತ್ತದೆ. ಸರಿರಾತ್ರಿಯಲ್ಲಿ ಟಾರ್ಚ್ ಹಿಡಿದು ಮೋಟಾರ್ ಹಾಕಲು ಹೊರಟವನ ಎದುರಿಗೆ ಆನೆಯೂ ಬರಬಹುದು, ಕಾಡುಹಂದಿಯೂ ಬರಬಹುದು. ಹಾಗಾಗಿ ಮನೆಯಲ್ಲೇ ಕೂತು ಫೋನ್ ಮಾಡಿ ಮೋಟಾರ್ ಓಡಿಸುವ ಮೊಬೈಲ್ ಸ್ಟಾರ್ಟರ್ ಇಲ್ಲಿ ಶೋಕಿಯ ವಸ್ತುವಲ್ಲ. ವೈರ್‌ಲೆಸ್ ಮಾಡ್ಯೂಲು ಎಂಬ ನಾಜೂಕಿನ ಪದಾರ್ಥ ನಮ್ಮ ಹಳ್ಳಿಗಳನ್ನು ನಿಜವಾಗಿ ಮುಟ್ಟಿರುವುದು ಈ ತಗಡಿನ ಡಬ್ಬದ ಮೂಲಕ. ಕೊಳ್ಳಬೇಕೋ ಕಟ್ಟಬೇಕೋ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಿಲ್ಲ.

ಇಂಥ ಸ್ಟಾರ್ಟರ್ ಕೈಕೊಡುವುದು ಎಲ್ಲೆಲ್ಲಿ ಎಂಬುದನ್ನು ಹತ್ತಿರದಿಂದ ನೋಡಬೇಕು. ಒಳಗಿರುವ 2ಜಿ ಮಾಡ್ಯೂಲು ಟವರಿಗೆ ಉತ್ತರ ಕೊಡುವಾಗ ಕರೆಂಟನ್ನು ಒಂದೇ ಸಮನೆ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಒಂದೊಂದು ಗುಟುಕು 577 ಮೈಕ್ರೋಸೆಕೆಂಡು, ಸೆಕೆಂಡಿಗೆ 217 ಸಲ, ಪ್ರತಿಸಲವೂ ಎರಡು ಆಂಪಿಯರ್‌ವರೆಗೆ. (ಹಳೆಯ ರೇಡಿಯೊ ಪಕ್ಕ ಮೊಬೈಲ್ ಇಟ್ಟಾಗ ಕರೆ ಬರುವ ಮೊದಲೇ ಗುರ್ ಗುರ್ ಎನ್ನುತ್ತಿದ್ದುದು ಇದೇ.) ಆ ಗುಟುಕಿಗೆ ಸಾಕಾಗುವಷ್ಟು ದೊಡ್ಡ ಕೆಪಾಸಿಟರನ್ನು ಮಾಡ್ಯೂಲಿನ ಮಗ್ಗುಲಲ್ಲೇ ಇಡದಿದ್ದರೆ ವೋಲ್ಟೇಜು ಕುಸಿದು ಮಾಡ್ಯೂಲು ತಾನೇ ಆಫ್ ಆಗಿ ಮತ್ತೆ ಏಳುತ್ತದೆ, ರೈತ ‘ನೆಟ್‌ವರ್ಕ್ ಸರಿಯಿಲ್ಲ’ ಎಂದುಕೊಳ್ಳುತ್ತಾನೆ. ಇನ್ನೊಂದು ಕಡೆ ಮೋಟಾರಿಗೆ ಕರೆಂಟು ಕೊಟ್ಟು ಕಡಿಯುವ ಕಾಂಟ್ಯಾಕ್ಟರಿನ ಕಾಯಿಲ್ ಬಿಡುವ ಕ್ಷಣದಲ್ಲಿ ಹುಟ್ಟುವ ಹಿಮ್ಮುಖ ವೋಲ್ಟೇಜಿನ ಪೆಟ್ಟು ನೇರವಾಗಿ ಬೋರ್ಡಿಗೆ ನುಗ್ಗುತ್ತದೆ. ಆಂಟೆನಾವನ್ನು ಕಬ್ಬಿಣದ ಡಬ್ಬದೊಳಗೇ ಬಿಟ್ಟು ಬಾಗಿಲು ಮುಚ್ಚಿದರೆ ಸಿಗ್ನಲ್ಲಿಗೆ ದಾರಿಯೇ ಇಲ್ಲ. ಇವುಗಳ ಮೇಲೆ ಮೂರರಲ್ಲಿ ಒಂದು ಫೇಸ್ ಹೋಗುವುದು, ಬೋರಿನಲ್ಲಿ ನೀರು ಇಳಿದು ಪಂಪು ಒಣಗಿ ಓಡುವುದು, ಬೆಚ್ಚಗಿರುತ್ತದೆಂದು ಒಳಸೇರಿದ ಹಲ್ಲಿ ಎರಡು ಟರ್ಮಿನಲ್ ನಡುವೆ ಸುಟ್ಟುಹೋಗುವುದು, ಮುಂಗಾರಿನ ಮೊದಲ ಸಿಡಿಲು. ಮೋಟಾರ್ ಸುಟ್ಟು ರಿವೈಂಡಿಂಗ್ ಅಂಗಡಿಗೆ ಹೋದರೆ ಸಾವಿರಗಟ್ಟಲೆ ದುಡ್ಡಿನ ಜೊತೆಗೆ ಬೆಳೆಗೆ ಒಂದು ವಾರದ ನೀರೂ ಹೋಯಿತು. ಈ ಪಟ್ಟಿಯಲ್ಲಿ ಯಾವ ಒಂದು ಕಷ್ಟವೂ ತಯಾರಕ ರೇಡಿಯೊವನ್ನು ಸ್ವಂತವಾಗಿ ವಿನ್ಯಾಸ ಮಾಡಿದರೆ ಪರಿಹಾರವಾಗುವಂಥದಲ್ಲ. ಎಲ್ಲವೂ ಮಾಡ್ಯೂಲಿನ ಹೊರಗಿರುವ ಕಷ್ಟಗಳು. ಇವನ್ನು ಬೇಗೂರಿನ ಕರೆಂಟು, ಬೇಗೂರಿನ ಧೂಳು ಗೊತ್ತಿರುವವನು ಬಗೆಹರಿಸಬೇಕೇ ಹೊರತು ಶಾಂಘೈನಲ್ಲಿ ಕೂತವನು ಬಗೆಹರಿಸಲಾರ. ಸ್ವದೇಶಿ ಬುದ್ಧಿಗೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ಹಾಗಾದರೆ ಮಾಡ್ಯೂಲನ್ನು ನಾವೇ ಕಟ್ಟುತ್ತೇವೆ ಎನ್ನುವವರು ವಾಸ್ತವದಲ್ಲಿ ಕಟ್ಟುವುದಾದರೂ ಏನು? ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇಂದು ಅಗ್ಗದ ವೈ-ಫೈ ಸಾಧನಗಳಲ್ಲಿ ಎಲ್ಲೆಲ್ಲೂ ಕಾಣುವ ಇಎಸ್‌ಪಿ32 ಮಾಡ್ಯೂಲನ್ನು ತೆಗೆದುಕೊಳ್ಳಿ. ಎಸ್ಪ್ರೆಸಿಫ್ ಎಂಬ ಶಾಂಘೈ ಕಂಪನಿ ಇದರ ಚಿಪ್ಪನ್ನು ಮಾರುಕಟ್ಟೆಗೆ ತಂದದ್ದು 2016ರಲ್ಲಿ. ಮಾಡ್ಯೂಲಿನ ತಗಡಿನ ಮುಚ್ಚಳ ಎಬ್ಬಿಸಿದರೆ ಒಳಗೆ ಆ ಚಿಪ್ಪು, ಒಂದು ಫ್ಲ್ಯಾಷ್ ಮೆಮೊರಿ, ಒಂದು ಕ್ರಿಸ್ಟಲ್, ಬೆರಳೆಣಿಕೆಯ ಕೆಪಾಸಿಟರು ಇಂಡಕ್ಟರುಗಳು. ಮುಚ್ಚಳದ ಹೊರಗೆ ಬೋರ್ಡಿನ ಮೇಲೇ ಹಾವಿನಂತೆ ಎಳೆದ ತಾಮ್ರದ ಆಂಟೆನಾ. ‘ಸ್ವಂತ ವಿನ್ಯಾಸ’ ಮಾಡುವವನು ಅದೇ ಕಂಪನಿಯ ಅದೇ ಚಿಪ್ಪನ್ನು ಕೊಂಡು, ಸುತ್ತಲಿನ ಈ ಹತ್ತಿಪ್ಪತ್ತು ಬಿಡಿಭಾಗಗಳನ್ನು ತನ್ನ ಬೋರ್ಡಿನ ಮೇಲೆ ತಾನೇ ಕೂರಿಸುತ್ತಾನೆ. ಚಿಪ್ಪು ಪರದೇಶದ್ದೇ, ಅದರೊಳಗಿನ ರೇಡಿಯೊ ತಂತ್ರಾಂಶವೂ ಅವರದೇ, ಅದನ್ನು ತೆರೆದು ನೋಡುವ ಹಕ್ಕು ಇವನಿಗೂ ಇಲ್ಲ. ದೂರದ ಹೊಲಗಳಿಗೆ ಹೇಳಿಮಾಡಿಸಿದಂತಿರುವ ಲೋರಾ ರೇಡಿಯೊದ ಕಥೆಯೂ ಇದೇ. ಆ ತಂತ್ರದ ಹಕ್ಕು ಅಮೆರಿಕದ ಸೆಮ್‌ಟೆಕ್ ಕಂಪನಿಯದು. 2012ರಲ್ಲಿ ಸೈಕ್ಲಿಯೊ ಎಂಬ ಫ್ರೆಂಚ್ ಸಂಸ್ಥೆಯನ್ನು ಕೊಂಡು ಅದನ್ನು ತನ್ನದಾಗಿಸಿಕೊಂಡಿತು. ಅಂದರೆ ಅವರೂ ಕೊಂಡವರೇ! ಹೀಗಿರುವಾಗ ಮಾಡ್ಯೂಲು ತಂದವನು ಪರಾವಲಂಬಿ, ಚಿಪ್ಪು ತಂದವನು ಸ್ವಾವಲಂಬಿ ಎಂದು ಗೆರೆ ಎಳೆಯುವುದಕ್ಕೆ ಯಾವ ಆಧಾರವೂ ಇಲ್ಲ.

ಆ ಹತ್ತಿಪ್ಪತ್ತು ಬಿಡಿಭಾಗಗಳು ಕಡಿಮೆ ಬೆಲೆಯವು ನಿಜ, ಆದರೆ ಅವನ್ನು ಕೂರಿಸುವ ವಿದ್ಯೆ ಅಗ್ಗದ್ದಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರು. ಅದರ ಕಾಲುಭಾಗ, ಅಂದರೆ ಸುಮಾರು ಮೂರು ಸೆಂಟಿಮೀಟರಿನ ಆಂಟೆನಾಕ್ಕೆ ಒಂದೆರಡು ಮಿಲಿಮೀಟರಿನ ಹೆಚ್ಚುಕಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಬೋರ್ಡಿನ ಫೈಬರ್‌ಗ್ಲಾಸ್ ಒಂದು ಕಂತಿನಿಂದ ಇನ್ನೊಂದು ಕಂತಿಗೆ ಸ್ವಲ್ಪ ಬದಲಾದರೂ ಹೊಂದಾಣಿಕೆ ಜಾರುತ್ತದೆ. ಅಳೆಯಲು ಬೇಕಾದ ನೆಟ್‌ವರ್ಕ್ ಅನಲೈಸರ್, ಪ್ರತಿಧ್ವನಿಯಿಲ್ಲದ ಪರೀಕ್ಷಾ ಕೋಣೆ, ಅವನ್ನು ಬಳಸಬಲ್ಲ ಎಂಜಿನಿಯರ್ ಸಣ್ಣ ತಯಾರಕನ ಶೆಡ್ಡಿನಲ್ಲಿ ಇರುವುದಿಲ್ಲ. ಕಾಯಿದೆಯ ಖರ್ಚು ಬೇರೆ. ನಮ್ಮಲ್ಲಿ 2.4 ಗಿಗಾಹರ್ಟ್ಸ್‌ಗಾಗಲಿ ಲೋರಾ ಬಳಸುವ 865 ಮೆಗಾಹರ್ಟ್ಸ್ ಪಟ್ಟಿಗಾಗಲಿ ಲೈಸೆನ್ಸ್ ಬೇಡ, ಆದರೆ ಸಾಧನಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಎಂಬ ಅನುಮೋದನೆ ಬೇಕು, ಅದಕ್ಕೆ ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಬೇಕು. ಹೆಸರುವಾಸಿ ಮಾಡ್ಯೂಲಿನ ಜೊತೆ ಆ ವರದಿ ಸಿದ್ಧವಾಗಿ ಬರುತ್ತದೆ. ಸ್ವಂತ ವಿನ್ಯಾಸಕ್ಕೆ, ಅದರ ಪ್ರತಿ ತಿದ್ದುಪಡಿಗೆ, ತಾನೇ ಹಣ ಕಟ್ಟಿ ಮಾಡಿಸಬೇಕು. ಮಾಡ್ಯೂಲಿನ ಬದಲು ಚಿಪ್ಪು ಬಳಸಿ ಒಂದೊಂದು ಸಾಧನಕ್ಕೆ ನೂರು ರೂಪಾಯಿ ಉಳಿಯಿತು ಎಂದೇ ಹಿಡಿಯೋಣ. ಎಂಜಿನಿಯರಿನ ಸಂಬಳ, ಎರಡು ಮೂರು ಸಲ ಹಾಳಾಗುವ ಬೋರ್ಡು, ಪರೀಕ್ಷೆಯ ಶುಲ್ಕ ಸೇರಿ ಮೂವತ್ತು ಲಕ್ಷ ಹೋಯಿತು ಎನ್ನೋಣ. ಮೂವತ್ತು ಸಾವಿರ ಸಾಧನ ಮಾರಿದ ಮೇಲೆ ಅಸಲು ಹುಟ್ಟುತ್ತದೆ. ವರ್ಷಕ್ಕೆ ಮೂರು ಸಾವಿರ ಮಾರುವವನಿಗೆ ಅದು ಹತ್ತು ವರ್ಷದ ಮಾತು, ಅಷ್ಟರಲ್ಲಿ ಆ ಚಿಪ್ಪೇ ಹಳತಾಗಿರುತ್ತದೆ. ಮೂಗಿಗಿಂತ ಮೂಗುತಿ ಭಾರವಾದ ಲೆಕ್ಕ ಇದು. ವರ್ಷಕ್ಕೆ ಲಕ್ಷಗಟ್ಟಲೆ ಬಲ್ಬು, ಫ್ಯಾನು ಮಾರುವ ದೊಡ್ಡ ಕಂಪನಿಗೆ ಲೆಕ್ಕ ತಿರುಗುತ್ತದೆ, ಒಪ್ಪುತ್ತೇನೆ. ಆದರೆ ಉಪದೇಶ ಕೇಳಿಸಿಕೊಳ್ಳುತ್ತಿರುವವರು ಅವರಲ್ಲ.

ಇದು ವೈ-ಫೈ ಮಾತಾಯಿತು. ಮೊಬೈಲ್ ಜಾಲದ ಮಾಡ್ಯೂಲಿನ ವಿಷಯದಲ್ಲಿ ‘ನಾವೇ ಕಟ್ಟೋಣ’ ಎನ್ನುವುದು ಹಟವಾಗುತ್ತದೆ. ಅದಕ್ಕೆ ಸಾಕ್ಷಿ ಜಗತ್ತಿನ ಅತಿ ಸಿರಿವಂತ ಕಂಪನಿಗಳಲ್ಲೊಂದಾದ ಆ್ಯಪಲ್. 2019ರಲ್ಲಿ ಅದು ಇಂಟೆಲ್ ಕಂಪನಿಯ ಫೋನ್ ಮೋಡೆಮ್ ವಿಭಾಗವನ್ನು ನೂರು ಕೋಟಿ ಡಾಲರಿಗೆ ಕೊಂಡಿತು. ಸುಮಾರು 2,200 ನೌಕರರೂ ಜೊತೆಗೆ ಬಂದರು. ಅಷ್ಟಾದರೂ ಸ್ವಂತ ಮೋಡೆಮ್ ಇರುವ ಮೊದಲ ಐಫೋನ್ ಪೇಟೆಗೆ ಬಂದದ್ದು 2025ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಕ್ವಾಲ್‌ಕಾಮ್‌ನಿಂದ ಕೊಂಡ ಮೋಡೆಮ್ ಹಾಕಿ ಮಾರಿದ ಐಫೋನುಗಳನ್ನು ಯಾರೂ ಜೋಡಣೆಯ ಸರಕು ಎಂದು ಮೂದಲಿಸಲಿಲ್ಲ. ಆ ಮಾತು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡು ಹಾಕಿಕೊಂಡವನಿಗೆ ಮಾತ್ರ ಏಕೆ ಮೀಸಲು?

ನಮ್ಮದೇ ಚರಿತ್ರೆ ಹೇಳುವುದೂ ಇದನ್ನೇ. ಸ್ವದೇಶಿ ದೂರಸಂಪರ್ಕ ಎಂದಾಗ ಎಲ್ಲರೂ ನೆನೆಯುವುದು 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯನ್ನು. ಅದರ ಗ್ರಾಮೀಣ ಟೆಲಿಫೋನ್ ವಿನಿಮಯ ಕೇಂದ್ರ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಪರದೇಶದ ವಿನಿಮಯ ಕೇಂದ್ರಗಳಿಗೆ ಹವಾನಿಯಂತ್ರಿತ ಕೋಣೆ ಬೇಕಿತ್ತು. ಹಳ್ಳಿಯ ಬಿಸಿಲು, ಧೂಳು, ಹೋಗಿಬರುವ ಕರೆಂಟು ಅವಕ್ಕೆ ಆಗಿಬರುತ್ತಿರಲಿಲ್ಲ. ಸಿ-ಡಾಟಿನವರು ಎಸಿ ಇಲ್ಲದೆ ನಡೆಯುವ, 128 ಪೋರ್ಟುಗಳ ಪುಟ್ಟ ಯಂತ್ರ ಮಾಡಿದರು. ಒಳಗಿನ ಚಿಪ್ಪುಗಳು ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಹೊರದೇಶದವೇ. ಚಿಪ್ಪನ್ನೂ ನಾವೇ ಮಾಡಿಯೇ ತೀರುತ್ತೇವೆ ಎಂದು ಅವರು ಕೂತಿದ್ದರೆ ಕಿತ್ತೂರಿನ ಫೋನು 1986ರಲ್ಲಿ ರಿಂಗ್ ಆಗುತ್ತಿರಲಿಲ್ಲ. ಪಂಪ್‌ಸೆಟ್ಟಿನ ವಿಚಾರಕ್ಕೇ ಬಂದರೆ, ಪುಣೆಯ ಸಂತೋಷ್ ಓಸ್ತವಾಲ್ ಅವರ ‘ನ್ಯಾನೊ ಗಣೇಶ್’ ಆರಂಭದಲ್ಲಿ ಮಾಮೂಲಿ ಮೊಬೈಲ್ ಸೆಟ್ಟನ್ನೇ ಸ್ಟಾರ್ಟರಿಗೆ ಜೋಡಿಸಿಕೊಂಡು ನಡೆಯುತ್ತಿತ್ತು. ರೇಡಿಯೊ ಪೂರ್ತಿ ಅಂಗಡಿಯದು. ಅದನ್ನು ಮೋಟಾರಿನ ಸೇವೆಗೆ ಹಚ್ಚಿದ ಯುಕ್ತಿ ಮಾತ್ರ ಅವರದು.

ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ ಆನೆಗಳ ಕೊರಳು ನೋಡಬಹುದು. ಆನೆಗೆ ಹಾಕುವ ರೇಡಿಯೊ ಕಾಲರನ್ನು ಕರ್ನಾಟಕ ಜರ್ಮನಿ, ದಕ್ಷಿಣ ಆಫ್ರಿಕಾಗಳಿಂದ ತಲಾ ಆರೂವರೆ ಲಕ್ಷ ರೂಪಾಯಿಗೆ ತರಿಸಿಕೊಳ್ಳುತ್ತಿತ್ತು. 2025ರ ಜನವರಿಯಲ್ಲಿ ಅರಣ್ಯ ಇಲಾಖೆ ಬೆಂಗಳೂರಿನ ಇನ್‌ಫಿಕ್ಷನ್ ಲ್ಯಾಬ್ಸ್ ಜೊತೆ ಸೇರಿ ಮಾಡಿಸಿದ ‘ಕೆ.ಪಿ. ಟ್ರ್ಯಾಕರ್’ ಬಿಡುಗಡೆಯಾಯಿತು, ಬೆಲೆ 1.80 ಲಕ್ಷ, ತೂಕವೂ ಹಳೆಯದರ ಅರ್ಧಕ್ಕಿಂತ ಕಡಿಮೆ. ಅದು ಸುದ್ದಿ ಕಳಿಸುವುದು ಜಿಎಸ್‌ಎಂ ಮೂಲಕ, ಅಂದರೆ ಊರವರ ಫೋನು ಮಾತಾಡುವ ಅದೇ ಜಾಲದಲ್ಲಿ. ಅಲ್ಲಿ ಗೆಲುವು ಸಿಕ್ಕಿದ್ದು ಹೊಸ ರೇಡಿಯೊ ಕಂಡುಹಿಡಿದದ್ದರಿಂದ ಅಲ್ಲ. ಕಾಡಂಚಿನ ಹಳ್ಳಿಗೆ ಬೇಕಾದದ್ದು ಏನು, ಆನೆ ಹೊರಬಲ್ಲದ್ದು ಎಷ್ಟು, ಇಲಾಖೆ ಕೊಡಬಲ್ಲ ದುಡ್ಡು ಎಷ್ಟು ಎಂಬುದು ಗೊತ್ತಿದ್ದುದರಿಂದ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್‌ನವರು ವಾಲ್ಪಾರೈನಲ್ಲಿ ಆನೆ ಬಂದಿರುವ ಸುದ್ದಿಯನ್ನು ಎಸ್‌ಎಂಎಸ್‌ನಿಂದಲೂ, ಫೋನಿನಿಂದ ಹೊತ್ತಿಸುವ ಕೆಂಪು ದೀಪಗಳಿಂದಲೂ ಕೂಲಿಕಾರರಿಗೆ ಮುಟ್ಟಿಸುವ ಏರ್ಪಾಟು ಮಾಡಿದರು. ಅದನ್ನು ನಡೆಸಿದ ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಅಲ್ಲಿಯೂ ತಂತ್ರ ಅಂಗಡಿಯದೇ. ಯಾವ ತಿರುವಿನಲ್ಲಿ ದೀಪ ನಿಲ್ಲಿಸಬೇಕು, ಯಾರ ಕೈಯಲ್ಲಿ ಅದರ ನಂಬರ್ ಇರಬೇಕು ಎಂಬ ತಿಳಿವಳಿಕೆಯನ್ನು ಯಾವ ಅಂಗಡಿಯೂ ಮಾರುತ್ತಿರಲಿಲ್ಲ.

ಎದುರು ವಾದಗಳಲ್ಲಿ ತೂಕವಿರುವುದು ಭದ್ರತೆಯದು. ಚೀನಾದ ಮಾಡ್ಯೂಲಿನೊಳಗೆ ಕಳ್ಳಬಾಗಿಲು ಇದ್ದರೆ? ಅನುಮಾನ ಹುಸಿಯೇನಲ್ಲ. ಮೊಬೈಲ್ ಮಾಡ್ಯೂಲುಗಳ ದೊಡ್ಡ ತಯಾರಕ ಕ್ವೆಕ್ಟೆಲ್ ಅನ್ನು ಅಮೆರಿಕದ ರಕ್ಷಣಾ ಇಲಾಖೆ 2025ರ ಜನವರಿಯಲ್ಲಿ ಚೀನಾ ಸೇನೆಯ ನಂಟಿರುವ ಕಂಪನಿಗಳ ಪಟ್ಟಿಗೆ ಸೇರಿಸಿದೆ. ಆದರೆ ಕಳ್ಳಬಾಗಿಲು ಇರುವುದಾದರೆ ಅದು ಚಿಪ್ಪಿನಲ್ಲೋ ಅದರ ತಂತ್ರಾಂಶದಲ್ಲೋ ಇರುತ್ತದೆ. ಆಂಟೆನಾದ ತಾಮ್ರದಲ್ಲೋ ತಗಡಿನ ಮುಚ್ಚಳದಲ್ಲೋ ಇರುವುದಿಲ್ಲ. ಅದೇ ಚಿಪ್ಪನ್ನು ಬಿಡಿಯಾಗಿ ತಂದು ನಾವೇ ಬೆಸೆದರೆ ಕಳ್ಳಬಾಗಿಲೂ ಜೊತೆಗೇ ಬಂತು, ‘ಸ್ವದೇಶಿ’ ಎಂಬ ಮುದ್ರೆ ಬಿದ್ದುದರಿಂದ ಯಾರೂ ಅನುಮಾನಿಸದಂತೆಯೂ ಆಯಿತು. ಭದ್ರತೆ ಬೇಕೆನ್ನುವವನು ಮಾಡುವ ಕೆಲಸ ಬೇರೆ. ಮೋಟಾರ್ ಓಡಬೇಕೋ ಬೇಡವೋ ಎಂಬ ತೀರ್ಮಾನವನ್ನು ರೇಡಿಯೊ ಕೈಗೆ ಕೊಡಬಾರದು. ಅದು ಸುದ್ದಿ ತರುವ ಅಂಚೆಯವನಾಗಿರಲಿ. ಕರೆ ಬಂದ ನಂಬರ್ ಮನೆಯವರದೇ, ಮೂರೂ ಫೇಸ್ ಇವೆಯೇ, ಬೋರಿನಲ್ಲಿ ನೀರಿದೆಯೇ ಎಂದು ಪರಿಶೀಲಿಸಿ ಆಜ್ಞೆ ಕೊಡುವ ಕಂಟ್ರೋಲರ್ ಬೇರೆಯೇ ಇರಲಿ, ಅದರ ತಂತ್ರಾಂಶ ಪೂರ್ತಿ ನಮ್ಮದಿರಲಿ. ಕೈಯಿಂದ ಒತ್ತುವ ಹಸಿರು ಕೆಂಪು ಗುಂಡಿಗಳು ರೇಡಿಯೊ ಸತ್ತರೂ ಕೆಲಸ ಮಾಡಲಿ. ಅಣುಸ್ಥಾವರ, ಸೇನೆ, ವಿದ್ಯುತ್ ಜಾಲಗಳ ಮಾತು ಬೇರೆ; ಅಲ್ಲಿ ಚಿಪ್ಪಿನವರೆಗೂ ಇಳಿಯಬೇಕಾಗುತ್ತದೆ, ಇಳಿಯಲಿ.

ಇನ್ನೊಂದು ಆಕ್ಷೇಪ, ಕೊಂಡದ್ದು ನಾಳೆ ಸಿಗದಿದ್ದರೆ ಎಂಬುದು. 2020ರಿಂದ ಎರಡು ಮೂರು ವರ್ಷ ಜಗತ್ತೆಲ್ಲ ಚಿಪ್ಪಿನ ಬರ ಬಿದ್ದಾಗ ಇದನ್ನು ಎಲ್ಲರೂ ಅನುಭವಿಸಿದರು. ಆದರೆ ಬರ ಬಿದ್ದದ್ದು ಚಿಪ್ಪಿಗೆ. ಒಂದೇ ಚಿಪ್ಪಿನ ಸುತ್ತ ಬೋರ್ಡು ಕಟ್ಟಿಕೊಂಡವನು ಹೆಚ್ಚು ಸಿಕ್ಕಿಬಿದ್ದ. ಒಂದೇ ಅಳತೆಯ, ಒಂದೇ ಕಾಲುಗಳ ಮಾಡ್ಯೂಲು ಎರಡು ಮೂರು ಕಂಪನಿಗಳದು ಇರುವ ಕಡೆ ತಂತ್ರಾಂಶ ತಿದ್ದಿಕೊಂಡು ಇನ್ನೊಂದಕ್ಕೆ ಹಾರಬಹುದಿತ್ತು. ಬೇಗೂರಿನ ಸ್ಟಾರ್ಟರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬಂದದ್ದು ಬೇರೆ ದಿಕ್ಕಿನಿಂದ. 2016ರಲ್ಲಿ ಜಿಯೊ ಬಂದದ್ದು ಬರೀ 4ಜಿಯೊಂದಿಗೆ. ಮನೆಯ ಫೋನೆಲ್ಲ ಜಿಯೊಗೆ ಹೋದರೂ, ಸಿಮ್‌800ನಂಥ 2ಜಿ ಮಾಡ್ಯೂಲು ಇರುವ ಸ್ಟಾರ್ಟರಿಗೆ ಮಾತ್ರ ಬೇರೆ ಕಂಪನಿಯ ಸಿಮ್ಮನ್ನೇ ಉಳಿಸಿಕೊಂಡು ರೀಚಾರ್ಜ್ ಮಾಡಿಸುತ್ತಲೇ ಇರಬೇಕು. ಉಳಿದವರು 2ಜಿ ನಿಲ್ಲಿಸಿದ ದಿನ ಆ ಡಬ್ಬ ಮೂಕವಾಗುತ್ತದೆ. ಈಗ ತಯಾರಕ ರೇಡಿಯೊವನ್ನು ಹಟ ಹಿಡಿದು ಮುಖ್ಯ ಬೋರ್ಡಿನಲ್ಲೇ ಕಟ್ಟಿದ್ದರೆ ಪೂರ್ತಿ ಡಬ್ಬ ಗುಜರಿಗೆ. ಕೊಂಡ ಮಾಡ್ಯೂಲನ್ನು ಪಿನ್ನುಗಳಿರುವ ಪುಟ್ಟ ಬೋರ್ಡಿನ ಮೇಲೆ ಬೇರೆಯಾಗಿ ಇಟ್ಟಿದ್ದರೆ ಗುಂಡ್ಲುಪೇಟೆಯ ಮೋಟಾರ್ ಅಂಗಡಿಯವನೇ ಅದನ್ನು ಕಿತ್ತು 4ಜಿಯದನ್ನು ಚುಚ್ಚಿ ಕೊಡಬಲ್ಲ. ಮೋಟಾರ್ ಹದಿನೈದು ವರ್ಷ ಬಾಳುತ್ತದೆ, ಕಾಂಟ್ಯಾಕ್ಟರ್ ಹತ್ತು ವರ್ಷ. ಮೊಬೈಲ್ ಜಾಲದ ಆಯಸ್ಸು ನಮ್ಮ ಕೈಯಲ್ಲಿಲ್ಲ. ಬೇಗ ಸಾಯುವ ಅಂಗವನ್ನು ದೇಹಕ್ಕೆ ಬೆಸೆಯುವುದು ಯಾವ ಸ್ವಾವಲಂಬನೆ?

ಹೀಗೆ ಎಲ್ಲರೂ ಕೊಳ್ಳುತ್ತ ಹೋದರೆ ರೇಡಿಯೊ ವಿದ್ಯೆ ಕಲಿಯುವವರು ಯಾರು ಎಂದು ಕೇಳುತ್ತಾರೆ. ಕಲಿಯಬೇಕು, ಆದರೆ ಕಲಿಯುವ ಜಾಗ ಪಂಪ್‌ಸೆಟ್ ಸ್ಟಾರ್ಟರ್ ಅಲ್ಲ. ಬೆಂಗಳೂರಿನ ಸಿಗ್ನಲ್‌ಚಿಪ್ ಎಂಬ ಪುಟ್ಟ ಸಂಸ್ಥೆ ಎಂಟು ವರ್ಷ ತಪಸ್ಸು ಮಾಡಿ 2019ರಲ್ಲಿ 4ಜಿ, 5ಜಿ ಮೋಡೆಮ್ ಚಿಪ್ಪುಗಳನ್ನು ತೋರಿಸಿತು. ಆ ಸರಣಿಗೆ ಅವರಿಟ್ಟ ಹೆಸರು ‘ಆಗುಂಬೆ’. ಬೆಂಗಳೂರಿನದೇ ತೇಜಸ್ ನೆಟ್‌ವರ್ಕ್ಸ್, ಟಿಸಿಎಸ್ ಮತ್ತು ಸಿ-ಡಾಟ್ ಜೊತೆಗೂಡಿ ಬಿಎಸ್‌ಎನ್‌ಎಲ್‌ನ 4ಜಿ ಜಾಲ ಕಟ್ಟಿತು; 2025ರ ಸೆಪ್ಟೆಂಬರಿನಲ್ಲಿ ಅದು ದೇಶಕ್ಕೆ ಅರ್ಪಣೆಯಾಯಿತು. ಕಟ್ಟುವುದೆಂದರೆ ಅದು. ಆಳವಾದ ಗಂಟು, ಹತ್ತಾರು ವರ್ಷದ ತಾಳ್ಮೆ, ಸರ್ಕಾರದ ಬೆಂಬಲ ಇರುವ ಕಡೆ ನಡೆಯುವ ಕೆಲಸ. ಅಂಥ ಕೆಲಸಕ್ಕೆ ಕೊಡಬೇಕಾದ ದುಡ್ಡನ್ನು ಕೊಡದೆ, ವರ್ಷಕ್ಕೆ ಎರಡು ಮೂರು ಸಾವಿರ ಡಬ್ಬ ಮಾಡುವವನಿಗೆ ‘ನೀನೇ ರೇಡಿಯೊ ಕಟ್ಟು’ ಎಂದು ಉಪದೇಶಿಸುವುದು ಸರ್ಕಾರಕ್ಕೂ ಉದ್ಯಮದ ಮುಖಂಡರಿಗೂ ಬಲು ಅಗ್ಗದ ದೇಶಪ್ರೇಮ.

ಈ ಉಪದೇಶ ಕಾಗದದ ರೂಪ ತಾಳಿರುವುದು ಖರೀದಿ ನಿಯಮಗಳಲ್ಲಿ. ಕೇಂದ್ರದ 2017ರ ಸಾರ್ವಜನಿಕ ಖರೀದಿ ಆದೇಶದ ಪ್ರಕಾರ ಸ್ಥಳೀಯ ಮೌಲ್ಯ ಶೇ 50ರಷ್ಟಿದ್ದರೆ ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರ, ಶೇ 20 ಇದ್ದರೆ ಎರಡನೆಯ ದರ್ಜೆ. ಬಿಡಿಭಾಗದ ಬಿಲ್ಲು ನೋಡಿ ಅಂಕ ಹಾಕುವ ಈ ಪದ್ಧತಿಯಲ್ಲಿ ಆಮದಾದ ಮಾಡ್ಯೂಲಿನ ಬೆಲೆ ಎದ್ದು ಕಾಣುತ್ತದೆ. ಹಲ್ಲಿ ನುಗ್ಗದಂತೆ ಮಾಡಿದ ಡಬ್ಬ, ಸಿಂಗಲ್ ಫೇಸ್ ಆದೊಡನೆ ಮೋಟಾರ್ ನಿಲ್ಲಿಸುವ ತಂತ್ರಾಂಶ, ‘ಬೋರಿನಲ್ಲಿ ನೀರಿಲ್ಲ’ ಎಂದು ಕನ್ನಡದಲ್ಲೇ ಹೇಳುವ ದನಿ ಎಷ್ಟು ಚೆನ್ನಾಗಿವೆ ಎಂದು ಕೇಳುವ ಕಲಮು ಅದರಲ್ಲಿಲ್ಲ. ಪಂಪ್‌ಸೆಟ್ ಸಾಧನಗಳಿಗೆ ಸಬ್ಸಿಡಿ ಕೊಡುವ ಇಲಾಖೆಗಳು ಮಾಡ್ಯೂಲಿನ ಜಾತಕ ಕೇಳುವುದನ್ನು ಬಿಟ್ಟು ಟೆಂಡರಿನಲ್ಲಿ ಇಷ್ಟು ಬರೆಯಲಿ: ರೇಡಿಯೊ ಬೋರ್ಡು ಬಿಚ್ಚಿ ಬದಲಾಯಿಸುವಂತಿರಬೇಕು, ಕನಿಷ್ಠ ಎರಡು ಕಂಪನಿಗಳ ಮಾಡ್ಯೂಲಿನೊಂದಿಗೆ ಪರೀಕ್ಷೆಯಾಗಿರಬೇಕು, ಮೋಟಾರಿನ ತೀರ್ಮಾನ ಮಾಡುವ ತಂತ್ರಾಂಶದ ಮೂಲ ಪ್ರತಿ ಇಲಾಖೆಯ ವಶದಲ್ಲಿರಬೇಕು, ರಿಪೇರಿ ತಾಲ್ಲೂಕು ಕೇಂದ್ರದಲ್ಲೇ ಆಗಬೇಕು.